ಮನೆಯಲ್ಲಿ ಹವಳದ ಟ್ಯಾಂಕ್: ಯಾವುದನ್ನು ಮೊದಲು ಕೊಳ್ಳಬೇಕು, ಯಾವುದು ಕಾಯಬಹುದು

ಉಪ್ಪುನೀರಿನ ಹವಳದ ಟ್ಯಾಂಕ್ ಕಟ್ಟಬೇಕೆಂದು ಮನಸ್ಸು ಮಾಡಿದವರು ಸಾಮಾನ್ಯವಾಗಿ ಮೂರು ದಾರಿಗಳ ನಡುವೆ ನಿಂತು ಯೋಚಿಸುತ್ತಾರೆ. ಉಪಕರಣಗಳೆಲ್ಲ ಹಿಂಬದಿಯ ಅರೆಗಳಲ್ಲೇ ಅಡಗಿರುವ 60 ಲೀಟರಿನ ಚಿಕ್ಕ ಟ್ಯಾಂಕನ್ನು ತಂದು ಕಲಿಯುವುದು ಒಂದು ದಾರಿ. ಮೂರು ಅಡಿ ಉದ್ದದ ಟ್ಯಾಂಕ್ ಮಾಡಿಸಿ, ಅದರ ಸ್ಟ್ಯಾಂಡಿನೊಳಗೆ ಸಂಪ್ ಎಂಬ ಎರಡನೆಯ ತೊಟ್ಟಿಯನ್ನಿಟ್ಟು, ಬೇಕಾದ ಉಪಕರಣಗಳನ್ನು ಒಂದೊಂದಾಗಿ ಸೇರಿಸುತ್ತ ಹೋಗುವುದು ಇನ್ನೊಂದು. ಹೇಗಿದ್ದರೂ ಮುಂದೆ ದೊಡ್ಡದೇ ಬೇಕೆನಿಸುತ್ತದೆ ಎಂದುಕೊಂಡು ಮೊದಲೇ ನಾಲ್ಕು ಅಡಿಯ, 450 ಲೀಟರಿನ ವ್ಯವಸ್ಥೆಗೆ ಹಣ ಹಾಕುವುದು ಮೂರನೆಯದು. ಈ ಆಯ್ಕೆಯ ಬೆನ್ನಿಗೇ ನೀರು ಎಲ್ಲಿಂದ, ತಂಪು ಹೇಗೆ, ಯಾವ ದೀಪ, ಯಾವ ಹವಳ ಎಂಬ ಆಯ್ಕೆಗಳೂ ಬರುತ್ತವೆ. ಇವು ಒಂದಕ್ಕೊಂದು ಹೆಣೆದುಕೊಂಡಿರುವುದರಿಂದ ಒಂದನ್ನೇ ಬಿಡಿಸಿ ತೀರ್ಮಾನಿಸಲು ಹೋದರೆ ಗೊಂದಲ ಹೆಚ್ಚುತ್ತದೆ.

ಆದ್ದರಿಂದ ಮೊದಲು ಅಳತೆಗೋಲುಗಳನ್ನು ಗೊತ್ತುಮಾಡಿಕೊಳ್ಳೋಣ. ಕೊಂಡ ವಸ್ತುವನ್ನು ಮುಂದೆ ಬದಲಿಸುವುದು ಎಷ್ಟು ಕಷ್ಟ ಎಂಬುದನ್ನು ನಾನು ಎಲ್ಲಕ್ಕಿಂತ ಮೇಲೆ ಇಡುತ್ತೇನೆ. ಟ್ಯಾಂಕಿನ ಗಾತ್ರ, ಅದನ್ನಿಟ್ಟ ಜಾಗ, ಗಾಜಿಗೆ ಕೊರೆಸಿದ ರಂಧ್ರ, ಒಳಗಿನ ಬಂಡೆಗಳ ಜೋಡಣೆ ಇವುಗಳನ್ನು ಜೀವಿಗಳು ನೆಲೆಗೊಂಡ ಮೇಲೆ ಬದಲಿಸಬೇಕಾದರೆ ಎಲ್ಲವನ್ನೂ ಬಿಚ್ಚಿ ಹೊಸದಾಗಿ ಕಟ್ಟಬೇಕಾಗುತ್ತದೆ. ದೀಪ, ಕೊಳೆಯನ್ನು ನೊರೆಯಾಗಿ ತೆಗೆಯುವ ಸ್ಕಿಮ್ಮರ್, ನೀರನ್ನು ಅಲುಗಿಸುವ ವೇವ್‌ಮೇಕರ್, ಖನಿಜ ದ್ರಾವಣ ಹಾಕುವ ಡೋಸಿಂಗ್ ಪಂಪುಗಳನ್ನಾದರೋ ಒಂದು ಸಂಜೆಯಲ್ಲಿ ಬದಲಿಸಬಹುದು. ಇರುವ ಹಣದ ದೊಡ್ಡ ಪಾಲು ಮೊದಲ ಗುಂಪಿಗೆ ಸಲ್ಲಬೇಕು. ಎರಡನೆಯ ಅಳತೆ, ಆ ವ್ಯವಸ್ಥೆ ನಮ್ಮ ತಪ್ಪುಗಳನ್ನು ಎಷ್ಟು ತಡೆದುಕೊಳ್ಳುತ್ತದೆ ಎಂಬುದು. ಮೂರನೆಯದು ಕೊಳ್ಳುವ ಬೆಲೆಗಿಂತ ಹೆಚ್ಚು ಕಾಡುವ ತಿಂಗಳ ಖರ್ಚು, ಅಂದರೆ ವಿದ್ಯುತ್ತು, ಉಪ್ಪು ಮತ್ತು ನೀರು. ನಾಲ್ಕನೆಯದು ನಮ್ಮ ಊರಿನ ಸೆಕೆಗೂ ವಿದ್ಯುತ್ ಕಡಿತಕ್ಕೂ ಅದು ಹೊಂದುತ್ತದೆಯೇ ಎಂಬುದು. ಭಾರತದಲ್ಲಿ ಇರುವವರಿಗೆ ಐದನೆಯದೊಂದಿದೆ: ಆ ಜೀವಿಯನ್ನು ಮನೆಯಲ್ಲಿ ಇಟ್ಟುಕೊಳ್ಳಲು ಕಾನೂನು ಏನು ಹೇಳುತ್ತದೆ?

ಕಾನೂನಿನ ಮಾತನ್ನೇ ಮೊದಲು ಮುಗಿಸುತ್ತೇನೆ, ಏಕೆಂದರೆ ಉಳಿದ ಖರೀದಿಗಳ ಗಾತ್ರವೂ ಅದರ ಮೇಲೆ ನಿಂತಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ 2001ರಲ್ಲಿ ಬಂಡೆ ಕಟ್ಟುವ ಎಲ್ಲ ಗಟ್ಟಿ ಹವಳಗಳೂ ಸೇರಿದವು. ಅವುಗಳ ಜೊತೆಗೆ ಕಪ್ಪು ಹವಳ, ಬೆಂಕಿ ಹವಳ, ಸಮುದ್ರ ಬೀಸಣಿಗೆ ಎನ್ನಲಾಗುವ ಗಾರ್ಗೋನಿಯನ್‌ಗಳು, ಸಮುದ್ರಕುದುರೆ ಮತ್ತು ಸಮುದ್ರಸೌತೆಗಳಿಗೂ ಅದೇ ರಕ್ಷಣೆ ದೊರೆಯಿತು. ಹುಲಿಗೆ ಯಾವ ದರ್ಜೆಯ ರಕ್ಷಣೆಯಿತ್ತೋ ಇವಕ್ಕೂ ಆಗ ಅದೇ ದರ್ಜೆ ಸಿಕ್ಕಿತು. ಗಟ್ಟಿ ಹವಳಗಳು ಸೈಟಿಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ಎರಡನೆಯ ಅನುಬಂಧದಲ್ಲಿಯೂ ಇರುವುದರಿಂದ ಪರವಾನಗಿಯಿಲ್ಲದೆ ಗಡಿ ದಾಟುವಂತಿಲ್ಲ. ಚರ್ಮದಂತೆ ಕಾಣುವ ಲೆದರ್ ಹವಳ, ಅಣಬೆಯಾಕಾರದ ಮಶ್ರೂಮ್, ಗೊಂಚಲಾಗಿ ಬೆಳೆಯುವ ಜೋವಾಂಥಿಡ್‌ಗಳಂತಹ ಮೃದು ಜೀವಿಗಳು ಆ ಗಟ್ಟಿ ಹವಳಗಳ ಗುಂಪಿಗೆ ಸೇರಿದವುಗಳಲ್ಲ. ಅವನ್ನು ಕೊಳ್ಳುವಾಗಲೂ ಬಿಲ್ಲನ್ನೂ ಆಮದಿನ ಕಾಗದಪತ್ರಗಳ ಪ್ರತಿಯನ್ನೂ ಕೇಳಿ ಪಡೆಯಬೇಕು. ಕರ್ನಾಟಕದಲ್ಲಿ ಕುಳಿತು ಟ್ಯಾಂಕ್ ಕಟ್ಟುವವರು ಮೃದು ಹವಳಗಳಿಗೆಂದೇ ಯೋಜನೆ ಹಾಕಿಕೊಳ್ಳಬೇಕು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಅಮೆರಿಕ, ಯೂರೋಪುಗಳಲ್ಲಿ ನೆಲೆಸಿದ ಕನ್ನಡಿಗರಿಗೆ ಸಾಕಣೆಯಲ್ಲೇ ಬೆಳೆಸಿದ ಗಟ್ಟಿ ಹವಳದ ತುಂಡುಗಳು ನ್ಯಾಯಬದ್ಧವಾಗಿ ಸಿಗುತ್ತವೆ. ಅವರ ಲೆಕ್ಕಾಚಾರ ಬೇರೆ, ಅದಕ್ಕೆ ಮುಂದೆ ಬರುತ್ತೇನೆ.

ಟ್ಯಾಂಕಿನ ಗಾತ್ರ

ಚಿಕ್ಕ ಟ್ಯಾಂಕ್ ಸುಲಭ ಎಂಬ ನಂಬಿಕೆ ಬೆಲೆಯ ಮಟ್ಟಿಗೆ ಮಾತ್ರ ನಿಜ. ಆವಿಯಾಗುವುದು ನೀರು ಮಾತ್ರ, ಉಪ್ಪು ಹಿಂದೆಯೇ ಉಳಿಯುತ್ತದೆ. 60 ಲೀಟರಿನ ಟ್ಯಾಂಕಿನಿಂದ ಒಂದು ಲೀಟರ್ ಆವಿಯಾದರೆ ಸಾವಿರಕ್ಕೆ 35 ಭಾಗವಿದ್ದ ಲವಣಾಂಶ ಸುಮಾರು 35.6ಕ್ಕೆ ಏರುತ್ತದೆ, 200 ಲೀಟರಿನಲ್ಲಿ ಅಷ್ಟೇ ನೀರು ಹೋದರೆ 35.2ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಎರಡು ದಿನ ಊರಿಗೆ ಹೋಗಿ ಬಂದಾಗ, ಮನೆಯವರು ಪ್ರೀತಿಯಿಂದ ಎರಡು ಚಿಟಿಕೆ ಆಹಾರ ಹೆಚ್ಚು ಹಾಕಿದಾಗ, ಬಂಡೆಯ ಹಿಂದೆ ಒಂದು ಬಸವನಹುಳು ಸತ್ತು ಕೊಳೆತಾಗ ಈ ವ್ಯತ್ಯಾಸವೇ ಜೀವ ಉಳಿಸುತ್ತದೆ. ಆದರೂ ಚಿಕ್ಕದರ ಪರವಾಗಿ ಹೇಳುವ ಮಾತು ಗಟ್ಟಿಯಾದದ್ದು. ವಾರಕ್ಕೆ ಹತ್ತನೇ ಒಂದು ಪಾಲು ನೀರು ಬದಲಿಸಿದರೂ ಅದು 6 ಲೀಟರ್, ಅದಕ್ಕೆ ಬೇಕಾದ ಉಪ್ಪು 220 ಗ್ರಾಂನಷ್ಟು. ಅಷ್ಟು ಸಣ್ಣ ಪ್ರಮಾಣದ ನೀರನ್ನು ಬದಲಿಸುವುದರಿಂದಲೇ ಕೊಳೆಯೂ ಹೋಗುತ್ತದೆ, ಖನಿಜಗಳೂ ತುಂಬಿಕೊಳ್ಳುತ್ತವೆ. ಸ್ಕಿಮ್ಮರ್ ಇಲ್ಲದೆಯೂ ನಡೆಯುತ್ತದೆ. ಬಾಡಿಗೆ ಮನೆಯಲ್ಲಿರುವವರಿಗೆ, ಎರಡು ವರ್ಷಕ್ಕೊಮ್ಮೆ ಊರು ಬದಲಿಸುವ ನೌಕರಿಯವರಿಗೆ, ಪ್ರತಿದಿನ ಹತ್ತು ನಿಮಿಷ ತಪ್ಪದೆ ಕೊಡಬಲ್ಲವರಿಗೆ ನಾನು ಇದನ್ನೇ ಹೇಳುವೆ. ಒಂದು ಜೋಡಿ ಕ್ಲೌನ್ ಮೀನು, ಒಂದು ಸೀಗಡಿ, ನಾಲ್ಕೈದು ಬಗೆಯ ಮೃದು ಹವಳ, ಇಷ್ಟಕ್ಕೇ ತೃಪ್ತರಾಗಬೇಕೆಂಬ ಷರತ್ತಿನೊಂದಿಗೆ.

ಮೂರು ಅಡಿಯ ಟ್ಯಾಂಕ್, ಅಂದರೆ 36 ಇಂಚು ಉದ್ದ, 18 ಇಂಚು ಅಗಲ, 18 ಇಂಚು ಎತ್ತರದ್ದು, ಹೆಚ್ಚುಕಡಿಮೆ 190 ಲೀಟರ್ ಹಿಡಿಯುತ್ತದೆ. ಸಂಪಿನಲ್ಲಿ ಇನ್ನೂ 50 ಲೀಟರಿನಷ್ಟು ಸೇರುತ್ತದೆ. ಮುಂದೆ ಮೇಲ್ದರ್ಜೆಗೆ ಏರಿಸಬೇಕೆಂದಿರುವವರಿಗೆ ಇದಕ್ಕಿಂತ ಒಳ್ಳೆಯ ಆರಂಭ ಕಾಣೆ. ಕಾರಣ ಸಂಪ್. ಹೀಟರ್, ಸ್ಕಿಮ್ಮರ್, ತಂಪುಮಾಡುವ ಯಂತ್ರದ ಕೊಳವೆ ಎಲ್ಲವೂ ಅಲ್ಲಿ ಕೂರುತ್ತವೆ, ಆದ್ದರಿಂದ ಯಾವುದನ್ನು ಯಾವಾಗ ಸೇರಿಸಿದರೂ ಮೇಲಿನ ಟ್ಯಾಂಕಿಗೆ ಕೈ ಹಾಕಬೇಕಿಲ್ಲ. ಸಂಪನ್ನು ಈಗಲೇ ಇಡಲು ಹಣವಿಲ್ಲದಿದ್ದರೂ ಮೇಲ್ಮೈಯ ನೀರನ್ನು ಸಂಪಿಗೆ ಇಳಿಸುವ ಓವರ್‌ಫ್ಲೋ ಪೆಟ್ಟಿಗೆಯನ್ನು ಅಂಟಿಸಿ ರಂಧ್ರಗಳನ್ನು ಕೊರೆಸಿ ಮುಚ್ಚಿಡಿ. ನೀರು ತುಂಬಿದ ಗಾಜನ್ನು ಆಮೇಲೆ ಕೊರೆಯಲಾಗದು. ಸಂಪ್ ಮಾಡಿಸುವಾಗ ಒಂದು ವಿಷಯವನ್ನು ಗಾಜಿನವರಿಗೆ ಒತ್ತಿ ಹೇಳಬೇಕು. ಕರೆಂಟ್ ಹೋದೊಡನೆ ಓವರ್‌ಫ್ಲೋ ಮಟ್ಟದ ಮೇಲಿರುವ ನೀರೂ ಕೊಳವೆಗಳಲ್ಲಿರುವ ನೀರೂ ಕೆಳಗೆ ಇಳಿಯುತ್ತವೆ. ಅಷ್ಟೂ ಹಿಡಿಯುವ ಖಾಲಿ ಜಾಗ ಸಂಪಿನಲ್ಲಿ ಇರದಿದ್ದರೆ ಉಪ್ಪುನೀರು ಮನೆಯ ನೆಲಕ್ಕೆ ಬರುತ್ತದೆ. ಟ್ಯಾಂಕ್ ಸಿದ್ಧವಾದ ದಿನವೇ, ಮೀನು ಬಿಡುವ ಮೊದಲು, ಮೇನ್ ಸ್ವಿಚ್ ಆರಿಸಿ ನೋಡಿ.

ನಾಲ್ಕು ಅಡಿ ಉದ್ದ, ಎರಡು ಅಡಿ ಅಗಲ, ಎರಡು ಅಡಿ ಎತ್ತರದ ಟ್ಯಾಂಕ್ ನೋಡಲು ಭವ್ಯ, ನೀರಿನ ಗುಣವೂ ಸುಲಭಕ್ಕೆ ಅಲುಗಾಡುವುದಿಲ್ಲ, ಸರ್ಜನ್ ಮೀನಿನ ಚಿಕ್ಕ ಜಾತಿಗಳಿಗೆ ಈಜಲು ಎಡೆ ಇರುವುದೂ ಈ ಅಳತೆಯಿಂದ ಮೇಲಕ್ಕೆ. ಆದರೆ ಮೊದಲ ಭರ್ತಿಗೇ 16–17 ಕಿಲೋ ಉಪ್ಪು ಬೇಕು. ನೀರು, ಗಾಜು, ಬಂಡೆ, ಸ್ಟ್ಯಾಂಡ್, ಸಂಪ್ ಕೂಡಿ ತೂಕ 600 ಕಿಲೋ ದಾಟುತ್ತದೆ, ಅದೂ ಮುಕ್ಕಾಲು ಚದರ ಮೀಟರಿನಷ್ಟು ಜಾಗದ ಮೇಲೆ. ವಾಸದ ಮನೆಯ ಮಹಡಿಗಳನ್ನು ಸಾಮಾನ್ಯವಾಗಿ ಚದರ ಮೀಟರಿಗೆ 200 ಕಿಲೋ ಲೆಕ್ಕದ ಹೊರೆಗೆ ವಿನ್ಯಾಸ ಮಾಡಿರುತ್ತಾರೆ. ಆ ಲೆಕ್ಕ ಇಡೀ ಕೋಣೆಗೆ ಹರಡಿದ ಹೊರೆಯದು ನಿಜ, ತೊಲೆಯ ಮೇಲೆ ಗೋಡೆಗೆ ಒತ್ತಿ ಇಟ್ಟರೆ ನೆಲ ಹೆಚ್ಚು ತಾಳುತ್ತದೆ ಎಂಬುದೂ ನಿಜ. ಆದರೆ ಮಹಡಿಯ ಮನೆಯಲ್ಲಿ ಈ ಗಾತ್ರಕ್ಕೆ ಹೋಗುವವರು ಕಟ್ಟಡದ ಎಂಜಿನಿಯರೊಬ್ಬರನ್ನು ಕೇಳದೆ ಹೋಗಬಾರದು. ನೆಲಮಹಡಿಯ ಸ್ವಂತ ಮನೆ, ತಿಂಗಳ ಖರ್ಚಿಗೆ ಅಂಜದ ಸ್ಥಿತಿ, ಸಿಹಿನೀರಿನ ಮೀನು ಸಾಕಿದ ಅನುಭವ, ಈ ಮೂರೂ ಇರುವವರಿಗೆ ಮಾತ್ರ ಇದು ಮೊದಲ ಟ್ಯಾಂಕಾಗಬಹುದು.

ನೀರು

ಹವಳದ ಟ್ಯಾಂಕಿಗೆ ಹಾಕುವ ಸಿಹಿನೀರಿನಲ್ಲಿ ಕರಗಿದ ವಸ್ತು ಏನೂ ಇರಬಾರದು. ಟಿಡಿಎಸ್ ಮೀಟರ್ ಸೊನ್ನೆ ತೋರಿಸಬೇಕು. ಆರ್‌ಒ ಪೊರೆ ಕರಗಿದ ಲವಣದ ನೂರಕ್ಕೆ 95 ಪಾಲನ್ನು ತಡೆಯುತ್ತದೆ ಎಂದು ಹಿಡಿದರೆ, 800 ಟಿಡಿಎಸ್ ಇರುವ ಬೋರ್‌ವೆಲ್ ನೀರು ಪೊರೆಯಿಂದ ಹೊರಬರುವಾಗ 40 ಇರುತ್ತದೆ. ಉಳಿದದ್ದನ್ನು ಡಿಐ ರಾಳ, ಅಂದರೆ ಕರಗಿದ ಲವಣವನ್ನು ಹಿಡಿದಿಡುವ ಸಣ್ಣ ಮಣಿಗಳು, ಹೀರಬೇಕು. ಕಾವೇರಿ ನೀರು ಬರುವ ಬಡಾವಣೆಯಲ್ಲಿ ಅದೇ ರಾಳ ಹಲವು ಪಟ್ಟು ಹೆಚ್ಚು ಕಾಲ ಬರುತ್ತದೆ. ಬೆಂಗಳೂರಿನ ಒಂದು ಬಡಾವಣೆಯಿಂದ ಇನ್ನೊಂದಕ್ಕೆ ತಿಂಗಳ ಖರ್ಚು ಇಷ್ಟೊಂದು ಬದಲಾಗುವುದಕ್ಕೆ ಇದು ಮುಖ್ಯ ಕಾರಣ. ಆರ್‌ಒ ಯಂತ್ರ ಒಂದು ಲೀಟರ್ ಶುದ್ಧ ನೀರಿಗೆ ಎರಡು ಮೂರು ಲೀಟರ್ ಹೊರಕ್ಕೆ ಬಿಡುತ್ತದೆ. 2024ರ ಬೇಸಿಗೆಯಲ್ಲಿ ನಗರ ನೀರಿಗೆ ಪಟ್ಟ ಪಾಡನ್ನು ನೆನೆದು ಅದನ್ನು ಡ್ರಮ್ಮಿನಲ್ಲಿ ಹಿಡಿದು ನೆಲ ಒರೆಸಲು, ಶೌಚಕ್ಕೆ ಬಳಸುವ ಏರ್ಪಾಡನ್ನು ಮೊದಲೇ ಮಾಡಿಕೊಳ್ಳಬೇಕು.

ಅಡುಗೆಮನೆಯಲ್ಲಿರುವ ಕುಡಿಯುವ ನೀರಿನ ಆರ್‌ಒ ಸಾಕಲ್ಲವೇ ಎಂದು ಬಹಳ ಜನ ಕೇಳುತ್ತಾರೆ. ಸಾಲದು. ರುಚಿಗಾಗಿ ಅದು ಖನಿಜಗಳನ್ನು ಮತ್ತೆ ಬೆರೆಸುತ್ತದೆ, ಕೆಲವು ಮಾದರಿಗಳಲ್ಲಿ ತಾಮ್ರದ ಕಾರ್ಟ್ರಿಜ್ ಕೂಡ ಇರುತ್ತದೆ. ಮನುಷ್ಯರಿಗೆ ಒಳ್ಳೆಯದೆಂದು ಸೇರಿಸುವ ಆ ತಾಮ್ರ ಅತಿ ಸಣ್ಣ ಪ್ರಮಾಣದಲ್ಲಿಯೂ ಸೀಗಡಿ, ಬಸವನಹುಳು, ಹವಳಗಳಿಗೆ ವಿಷ.

ಮಂಗಳೂರು, ಉಡುಪಿ, ಕಾರವಾರದವರಿಗೆ ಕಡಲೇ ಹತ್ತಿರವಿದೆ. ಉಪ್ಪಿನ ಖರ್ಚೇ ಇಲ್ಲದ ಈ ದಾರಿ ಆಕರ್ಷಕವಾದದ್ದು, ಅದರ ಮಿತಿಗಳನ್ನು ತಿಳಿದು ಬಳಸಿದರೆ ಒಳ್ಳೆಯದೂ ಹೌದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಘಟ್ಟದಿಂದ ಇಳಿಯುವ ನದಿಗಳು ಕರಾವಳಿಯ ನೀರನ್ನು ತೆಳುವಾಗಿಸಿ ಕೆಸರು ತುಂಬುತ್ತವೆ. ಆ ತಿಂಗಳುಗಳಲ್ಲಿ ತಂದ ನೀರು ಉಪಯೋಗಕ್ಕೆ ಬಾರದು. ನೇತ್ರಾವತಿ, ಕಾಳಿಯಂತಹ ನದಿಗಳ ಅಳಿವೆಯಿಂದಲೂ ಬಂದರಿನಿಂದಲೂ ದೂರದಲ್ಲಿ, ಚಳಿಗಾಲದಲ್ಲಿ, ಭರತದ ವೇಳೆ ಹಿಡಿದು, ಸೋಸಿ, ಕತ್ತಲಲ್ಲಿ ಕೆಲವು ವಾರ ಮುಚ್ಚಿಟ್ಟು, ಲವಣಾಂಶ ಮತ್ತು ಅಮೋನಿಯಾ ಅಳೆದ ಮೇಲೆ ಬಳಸಬೇಕು. ಅಂದರೆ ವರ್ಷದ ಮೂರನೇ ಒಂದು ಭಾಗಕ್ಕೆ ಹೇಗಿದ್ದರೂ ಚೀಲದ ಉಪ್ಪು ಕೊಳ್ಳಲೇಬೇಕು, ಅದನ್ನು ಬೆರೆಸಲು ಶುದ್ಧ ನೀರೂ ಬೇಕು. ಈ ಲೆಕ್ಕವನ್ನು ಕೂಡಿಸಿ ನೋಡಿದರೆ ಚಿಕ್ಕ ಟ್ಯಾಂಕಿನವರಿಗೆ ಕಡಲ ನೀರಿನಿಂದ ಉಳಿಯುವುದು ಅಲ್ಪ. 450 ಲೀಟರಿನವರಿಗೆ ಅದು ಗಣನೀಯ.

ಸೆಕೆ ಮತ್ತು ಕರೆಂಟ್

ನಮ್ಮ ನಾಡಿನಲ್ಲಿ ಹವಳದ ಟ್ಯಾಂಕುಗಳು ಸೋಲುವುದು ಹೆಚ್ಚಾಗಿ ಸೆಕೆಯಿಂದ ಎಂದು ನಾನು ನಂಬುತ್ತೇನೆ. ಆದರೂ ಕೊಳ್ಳುವವರ ಪಟ್ಟಿಯಲ್ಲಿ ಅದು ಕೊನೆಯಲ್ಲಿರುತ್ತದೆ. ನೀರು 24ರಿಂದ 27 ಡಿಗ್ರಿಯ ನಡುವೆ ಇರಬೇಕು. 30ರ ಆಚೆಗೆ ದಿನಗಟ್ಟಲೆ ನಿಂತರೆ ಹವಳ ತನ್ನೊಳಗೆ ವಾಸಿಸುವ ಪಾಚಿಯನ್ನು ಹೊರಹಾಕಿ ಬಿಳಿಚಿಕೊಳ್ಳುತ್ತದೆ. ಆ ಪಾಚಿಯೇ ಅದಕ್ಕೆ ಅನ್ನ ಉಣಿಸುವುದು. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗಿರಬಲ್ಲ ಆಮ್ಲಜನಕ ಕಡಿಮೆಯಾಗುತ್ತದೆ, ಮೀನಿಗೆ ಬೇಕಾದ ಆಮ್ಲಜನಕ ಹೆಚ್ಚಾಗುತ್ತದೆ. ಪಂಪುಗಳೂ ದೀಪವೂ ಸೇರಿ ನೀರನ್ನು ಕೋಣೆಗಿಂತ ಒಂದೆರಡು ಡಿಗ್ರಿ ಮೇಲಕ್ಕೆ ಒಯ್ಯುತ್ತವೆ ಎಂಬುದನ್ನೂ ಸೇರಿಸಿಕೊಳ್ಳಿ.

ತಂಪು ಮಾಡಲು ಮೂರು ಉಪಾಯಗಳಿವೆ: ನೀರಿನ ಮೇಲ್ಮೈಗೆ ಗಾಳಿ ಬೀಸುವ ಚಿಕ್ಕ ಫ್ಯಾನು, ನೀರನ್ನು ತಂಪುಮಾಡುವ ಯಂತ್ರವಾದ ಚಿಲ್ಲರ್, ಕೋಣೆಗೇ ಎಸಿ. ಫ್ಯಾನು ಆವಿಯಾಗುವಿಕೆಯಿಂದ ತಂಪು ಮಾಡುತ್ತದೆ, ಆದ್ದರಿಂದ ಗಾಳಿ ಒಣಗಿದ್ದಷ್ಟೂ ಅದರ ಶಕ್ತಿ ಹೆಚ್ಚು. ಬೆಂಗಳೂರು, ಮೈಸೂರುಗಳ ಮಾರ್ಚ್–ಏಪ್ರಿಲ್‌ನಲ್ಲಿ ಐದು ವಾಟಿನ ಫ್ಯಾನು ಎರಡು ಮೂರು ಡಿಗ್ರಿ ಇಳಿಸುತ್ತದೆ, ಅಲ್ಲಿ ಬಹುಮಟ್ಟಿಗೆ ಅಷ್ಟೇ ಸಾಕು. ಮಂಗಳೂರಿನ ಮೇ ತಿಂಗಳಲ್ಲಿ ಗಾಳಿಯೇ ತೇವದಿಂದ ತುಂಬಿರುವಾಗ ಅದೇ ಫ್ಯಾನಿನಿಂದ ಹೇಳಿಕೊಳ್ಳುವಂಥ ಉಪಯೋಗವಿಲ್ಲ. ಕರಾವಳಿಯವರು ಚಿಲ್ಲರ್ ಅಥವಾ ಎಸಿಯನ್ನು ಮೊದಲ ದಿನದ ಖರ್ಚಿನಲ್ಲೇ ಸೇರಿಸಬೇಕು, ಅದಕ್ಕೆ ಹಣ ಸಾಲದಿದ್ದರೆ ಟ್ಯಾಂಕಿನ ಗಾತ್ರವನ್ನು ಇಳಿಸಬೇಕು. ಕಲಬುರಗಿ, ರಾಯಚೂರಿನ ಕಡೆ ಗಾಳಿ ಒಣಗಿದ್ದರೂ 40 ಡಿಗ್ರಿಯ ಬಿಸಿಲಿನೆದುರು ಫ್ಯಾನೊಂದನ್ನೇ ನಂಬುವಂತಿಲ್ಲ. ಫ್ಯಾನು ಇಟ್ಟವರು ನೀರಿನ ಮಟ್ಟವನ್ನು ತಾನಾಗಿಯೇ ತುಂಬುವ ಆಟೋ ಟಾಪ್-ಆಫ್ ಕೂಡ ಇಡಬೇಕು, ಇಲ್ಲವಾದರೆ ತಂಪು ಉಳಿದು ಲವಣಾಂಶ ಕೆಡುತ್ತದೆ. ನನ್ನ ಕೈಯಲ್ಲಿ ಒಂದೇ ಒಂದು ಹೆಚ್ಚುವರಿ ಉಪಕರಣಕ್ಕೆ ಹಣವಿದ್ದರೆ ನಾನು ಕೊಳ್ಳುವುದು ಇದನ್ನೇ.

ಚಿಲ್ಲರ್ ನಿಖರವಾದದ್ದು. ಆದರೆ ಅದು ನೀರಿನಿಂದ ತೆಗೆದ ಶಾಖವನ್ನು ಕೋಣೆಗೇ ಬಿಡುತ್ತದೆ. ಮುಚ್ಚಿದ ಸ್ಟ್ಯಾಂಡಿನೊಳಗೆ ಇಟ್ಟರೆ ತಾನು ಬಿಟ್ಟ ಶಾಖವನ್ನೇ ಮತ್ತೆ ಎಳೆದುಕೊಂಡು ದಿನವಿಡೀ ಓಡುತ್ತದೆ. 200 ವಾಟಿನ ಯಂತ್ರ ದಿನಕ್ಕೆ ಹತ್ತು ಗಂಟೆ ಓಡಿದರೆ 2 ಯೂನಿಟ್, ತಿಂಗಳಿಗೆ 60. ಸಂಪಿನ ನೀರನ್ನು ಮೇಲಕ್ಕೆತ್ತುತ್ತ ಹಗಲಿರುಳು ಓಡುವ 40 ವಾಟಿನ ರಿಟರ್ನ್ ಪಂಪು ತಿಂಗಳಿಗೆ 29 ಯೂನಿಟ್ ತೆಗೆದುಕೊಳ್ಳುತ್ತದೆ. ಈ ಲೆಕ್ಕವನ್ನು ಕೊಳ್ಳುವ ಮೊದಲೇ ಎಲ್ಲ ಉಪಕರಣಗಳಿಗೂ ಮಾಡಿನೋಡಿ: ವಾಟನ್ನು ಗಂಟೆಯಿಂದ ಗುಣಿಸಿ ಸಾವಿರದಿಂದ ಭಾಗಿಸಿದರೆ ದಿನದ ಯೂನಿಟ್ ಸಿಗುತ್ತದೆ. ಮಲಗುವ ಕೋಣೆಯಲ್ಲಿ ಹೇಗಿದ್ದರೂ ಎಸಿ ಇರುವವರು ಟ್ಯಾಂಕನ್ನು ಅಲ್ಲಿಯೇ ಇಟ್ಟರೆ ಚಿಲ್ಲರಿನ ಬೆಲೆ ಉಳಿಯಬಹುದು, ಸ್ಕಿಮ್ಮರಿನ ಸದ್ದನ್ನು ಸಹಿಸುವವರಾದರೆ. ಬೆಂಗಳೂರಿನ ಡಿಸೆಂಬರ್ ರಾತ್ರಿಗಳಿಗೆ ಹೀಟರ್ ಬೇಕು ಎಂಬುದನ್ನೂ ಮರೆಯಬಾರದು.

ಕರೆಂಟ್ ಹೋದಾಗ ಮೊದಲು ಎದುರಾಗುವ ಅಪಾಯ ಆಮ್ಲಜನಕದ ಕೊರತೆ. ಇದಕ್ಕೆ ಅತಿ ಅಗ್ಗದ ಪರಿಹಾರ ಬ್ಯಾಟರಿಯ ಏರ್ ಪಂಪು. ಅದನ್ನು ಎಲ್ಲರೂ ಇಟ್ಟುಕೊಳ್ಳಲೇಬೇಕು. ಇನ್ವರ್ಟರ್ ಇರುವ ಮನೆಗಳಲ್ಲಿ ವೇವ್‌ಮೇಕರ್ ಒಂದನ್ನು ಮಾತ್ರ ಇನ್ವರ್ಟರ್ ಸಾಲಿಗೆ ಹಾಕಿದರೆ ಸಾಕು. ಅದು 10–15 ವಾಟಿನದು. 150 ಎಎಚ್ ಬ್ಯಾಟರಿಗೆ ಅದೊಂದು ಹೊರೆಯೇ ಅಲ್ಲ. ದೀಪ, ಹೀಟರ್, ಚಿಲ್ಲರುಗಳನ್ನು ಆ ಸಾಲಿಗೆ ತರಬಾರದು.

ಬಂಡೆ, ಶೋಧನೆ, ದೀಪ

ಬಂಡೆಯಲ್ಲಿ ಕಡಲಿಂದ ತಂದ ಜೀವಂತ ಬಂಡೆ ಮತ್ತು ಒಣಬಂಡೆ ಎಂಬ ಎರಡು ಆಯ್ಕೆಗಳಿವೆ. ಮೊದಲನೆಯದು ಬಹುಪಾಲು ಸತ್ತ ಗಟ್ಟಿ ಹವಳದ ಅಸ್ಥಿಯೇ ಆಗಿರುವುದರಿಂದ ಭಾರತದಲ್ಲಿ ಅದರ ಹತ್ತಿರವೂ ಹೋಗದಿರುವುದು ಸರಿ. ಸೆರಾಮಿಕ್ ಅಥವಾ ಕೃತಕ ಒಣಬಂಡೆ ನಿಧಾನ, ಆದರೆ ಗಾಜಿನ ಎನಿಮೋನ್ ಎನ್ನುವ ಐಪ್ಟೇಸಿಯಾದಂತಹ ಕಳೆಗಳನ್ನು ಹೊತ್ತು ತರುವುದಿಲ್ಲ. ಮೀನು ಬಿಡುವ ಮೊದಲು ಬಾಟಲಿಯ ಬ್ಯಾಕ್ಟೀರಿಯಾ ಹಾಕಿ, ಅಮೋನಿಯಾವನ್ನು 2 ಪಿಪಿಎಂ (ಹತ್ತು ಲಕ್ಷಕ್ಕೆ 2 ಭಾಗ) ಆಗುವಂತೆ ಸೇರಿಸಿ, ಅದು ನೈಟ್ರೈಟ್ ಆಗಿ, ನೈಟ್ರೈಟ್ ನೈಟ್ರೇಟ್ ಆಗಿ, ಮೊದಲೆರಡೂ ಸೊನ್ನೆಗೆ ಬರುವವರೆಗೆ ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಆಮೇಲೂ ಕೆಲವು ತಿಂಗಳು ಕಂದು ಪೊರೆ, ಹಸಿರು ಪಾಚಿ ಬಂದು ಹೋಗುತ್ತವೆ. ಈ ಅವಧಿಯಲ್ಲಿ ಹೊಸ ಉಪಕರಣ ಕೊಂಡು ಪಾಚಿಯನ್ನು ಓಡಿಸಲು ಹೋಗುವುದರಿಂದ ಹಣ ಪೋಲಾಗುತ್ತದೆ. ಕಾಲವೇ ಅದನ್ನು ಸರಿಪಡಿಸುತ್ತದೆ.

ಸ್ಕಿಮ್ಮರ್ ಕೊಳೆಯುವ ಮೊದಲೇ ಸಾವಯವ ವಸ್ತುವನ್ನು ನೊರೆಯಾಗಿ ಎತ್ತಿ ಹಾಕುತ್ತದೆ, ಜೊತೆಗೆ ನೀರಿಗೆ ಗಾಳಿಯನ್ನೂ ಬೆರೆಸುತ್ತದೆ. ಸಂಪಿನಲ್ಲಿ ಕೀಟೋಮಾರ್ಫಾ ಎಂಬ ಪಾಚಿಯನ್ನು ರಾತ್ರಿ ದೀಪ ಹಚ್ಚಿ ಬೆಳೆಸುವ ರೆಫ್ಯೂಜಿಯಂ ನೈಟ್ರೇಟ್, ಫಾಸ್ಫೇಟುಗಳನ್ನು ಹೀರುತ್ತದೆ, ರಾತ್ರಿ ಪಿಎಚ್ ಕುಸಿಯುವುದನ್ನೂ ತಡೆಯುತ್ತದೆ. 190 ಲೀಟರಿನ ಮೃದು ಹವಳದ ಟ್ಯಾಂಕಿಗೆ ಆರಂಭದಲ್ಲಿ ಎರಡೂ ಬೇಡ. ಮೀನುಗಳು ಹೆಚ್ಚಾಗಿ, ವಾರದ ನೀರು ಬದಲಾವಣೆಯ ಮೇಲೂ ನೈಟ್ರೇಟ್ 20 ಪಿಪಿಎಂ ದಾಟತೊಡಗಿದಾಗ ಸ್ಕಿಮ್ಮರ್ ತನ್ನಿ. ಮೃದು ಹವಳಗಳು ತೀರ ಶುಭ್ರ ನೀರಿಗಿಂತ ಸ್ವಲ್ಪ ಪೋಷಕಾಂಶವಿರುವ ನೀರಿನಲ್ಲೇ ಚೆನ್ನಾಗಿ ಅರಳುತ್ತವೆ.

ದೀಪದ ಬಗ್ಗೆ ನಡೆಯುವಷ್ಟು ಚರ್ಚೆ ಬೇರಾವುದರ ಬಗ್ಗೆಯೂ ನಡೆಯುವುದಿಲ್ಲ, ಆದರೆ ನಮ್ಮ ಆಯ್ಕೆ ಸರಳ. ಬಹಳ ಶಾಖ ಬಿಡುವ ಮೆಟಲ್ ಹ್ಯಾಲೈಡ್ ದೀಪ ನಮ್ಮ ಸೆಕೆಗೆ ಆಗದು. ಟಿ5 ಟ್ಯೂಬುಗಳು ಸಮನಾದ ಬೆಳಕು ಕೊಡುತ್ತವೆ, ಆದರೆ ಟ್ಯೂಬುಗಳನ್ನು ವರ್ಷಕ್ಕೊಮ್ಮೆಯಾದರೂ ಬದಲಿಸುತ್ತಿರಬೇಕು. ಉಳಿಯುವುದು ಎಲ್‌ಇಡಿ. ಮೃದು ಹವಳಗಳಿಗೆ 50ರಿಂದ 150 ಪಾರ್ (ಹವಳದೊಳಗಿನ ಪಾಚಿ ಬಳಸಿಕೊಳ್ಳಬಲ್ಲ ಬೆಳಕಿನ ಅಳತೆ) ಸಾಕು, ಅದನ್ನು ಸಾಧಾರಣ ಬೆಲೆಯ ನೀಲಿ ಪ್ರಧಾನ ಎಲ್‌ಇಡಿಯೂ ಕೊಡುತ್ತದೆ. ದುಬಾರಿ ದೀಪಗಳು ಹೆಚ್ಚಾಗಿ ಕೊಡುವುದು ಸಮನಾದ ಹರಡುವಿಕೆ, ಫೋನಿನಿಂದ ನಿಯಂತ್ರಣ, ಬಾಳಿಕೆ. ದೀಪವನ್ನು ಯಾವಾಗ ಬೇಕಾದರೂ ಬದಲಿಸಬಹುದಾದ್ದರಿಂದ ಮೊದಲ ವರ್ಷ ಇಲ್ಲಿ ಉಳಿಸಿ, ಆ ಹಣವನ್ನು ಆರ್‌ಒ-ಡಿಐಗೂ ತಂಪಿಗೂ ಹಾಕಿ. ಅಳತೆಯ ಸಾಧನಗಳಲ್ಲಿ ಮಾತ್ರ ಉಳಿತಾಯ ಬೇಡ. ಲವಣಾಂಶ ಅಳೆಯುವ ರಿಫ್ರಾಕ್ಟೋಮೀಟರನ್ನು ಬರಿಯ ಶುದ್ಧ ನೀರಿನಿಂದ ಸರಿಹೊಂದಿಸುವುದರ ಬದಲು 35 ಭಾಗ ಲವಣಾಂಶದ ಪ್ರಮಾಣದ್ರವದಿಂದ ಸರಿಹೊಂದಿಸಬೇಕು.

ಮೀನು ಮತ್ತು ಹವಳ

ಮೀನಿನ ವಿಷಯದಲ್ಲಿ ಕಡಲಲ್ಲಿ ಹಿಡಿದದ್ದಕ್ಕಿಂತ ಮರಿಕೇಂದ್ರದಲ್ಲಿ ಹುಟ್ಟಿದ್ದು ಎಲ್ಲ ಅಳತೆಯಲ್ಲೂ ಮೇಲು. ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ತಮಿಳುನಾಡಿನ ಮಂಡಪಂ ಕೇಂದ್ರದಲ್ಲಿ ಕ್ಲೌನ್ ಮೀನುಗಳ ಮರಿ ಮಾಡಿಸುವ ತಂತ್ರವನ್ನು ರೂಪಿಸಿದೆ, ಆದ್ದರಿಂದ ನಮ್ಮಲ್ಲೇ ಹುಟ್ಟಿದ ಜೋಡಿ ಸಿಗುವುದು ಸಾಧ್ಯ. ಅವು ಕಾಳಿನ ಆಹಾರಕ್ಕೆ ಒಗ್ಗಿರುತ್ತವೆ, ಆಗ್ನೇಯ ಏಷ್ಯಾದ ಕಡಲುಗಳಲ್ಲಿ ಸಯನೈಡ್ ಬಳಸಿ ಹಿಡಿಯುವ ಪಿಡುಗಿಗೂ ನಮ್ಮ ಹಣ ಹೋಗುವುದಿಲ್ಲ. ಡ್ಯಾಮ್ಸೆಲ್ ಮೀನುಗಳು ಅಗ್ಗ, ಗಟ್ಟಿ ಜೀವದವು. ಆದರೆ ಬೆಳೆದ ಮೇಲೆ ಹೊಸಬರನ್ನು ಒಳಗೆ ಬರಗೊಡುವುದಿಲ್ಲ, ಅವನ್ನು ಹಿಡಿದು ತೆಗೆಯಲು ಬಂಡೆಯನ್ನೆಲ್ಲ ಬಿಚ್ಚಬೇಕು. ಮೊದಲ ಅಳತೆಗೋಲು ಇಲ್ಲಿಗೂ ಅನ್ವಯಿಸುತ್ತದೆ.

ಹವಳಗಳಲ್ಲಿ ಲೆದರ್ ಮತ್ತು ಮಶ್ರೂಮ್‌ಗಳಿಂದ ಆರಂಭಿಸಿ. ಜೋವಾಂಥಿಡ್‌ಗಳು ಬಣ್ಣದಲ್ಲಿ ಎಲ್ಲಕ್ಕಿಂತ ಚೆಲುವು, ಆದರೆ ಅವುಗಳಲ್ಲಿ ಕೆಲವು ಪ್ಯಾಲಿಟಾಕ್ಸಿನ್ ಎಂಬ ತೀವ್ರ ವಿಷವನ್ನು ಹೊಂದಿರುತ್ತವೆ. ಕೈಗವಸು ಮತ್ತು ಕನ್ನಡಕವಿಲ್ಲದೆ ಅವನ್ನು ಕತ್ತರಿಸಬಾರದು. ಅವು ಅಂಟಿದ ಬಂಡೆಯನ್ನು ಬಿಸಿನೀರಿನಲ್ಲಿ ಕುದಿಸುವ ಕೆಲಸವನ್ನಂತೂ ಎಂದಿಗೂ ಮಾಡಬಾರದು, ಆವಿಯೇ ಮನೆಮಂದಿಯನ್ನು ಆಸ್ಪತ್ರೆಗೆ ಸೇರಿಸಬಲ್ಲದು. ಚಿಕ್ಕ ಮಕ್ಕಳಿರುವ ಮನೆಯಲ್ಲಿ ನಾನು ಅವುಗಳನ್ನು ಬಿಟ್ಟೇಬಿಡುತ್ತೇನೆ.

ಗಟ್ಟಿ ಹವಳ ಇಡಬಲ್ಲ ವಿದೇಶವಾಸಿಗಳಿಗೆ ಮೇಲ್ದರ್ಜೆಯ ಪ್ರಶ್ನೆ ಕ್ಯಾಲ್ಸಿಯಂ ಮತ್ತು ಕ್ಷಾರೀಯತೆಯದು, ಅಂದರೆ ಡಿಕೆಎಚ್ ಎಂಬ ಮಾನದಲ್ಲಿ ಅಳೆಯುವ ಕಾರ್ಬೊನೇಟುಗಳದು. ಅಸ್ಥಿ ಕಟ್ಟುವ ಹವಳ ಪ್ರತಿ 2.8 ಡಿಕೆಎಚ್ ಕ್ಷಾರೀಯತೆಗೆ ಸುಮಾರು 20 ಪಿಪಿಎಂ ಕ್ಯಾಲ್ಸಿಯಂ ಬಳಸುತ್ತದೆ. ಯೂಫಿಲಿಯಾದಂತಹ ದೊಡ್ಡ ಪಾಲಿಪಿನ (ಪಾಲಿಪ್ ಎಂದರೆ ಹವಳದ ಒಂದೊಂದು ಬಿಡಿ ಜೀವಿ) ಹವಳ ನಾಲ್ಕಾರು ಇದ್ದರೆ ನೀರು ಬದಲಾವಣೆಯೇ ಸಾಕು. ಸಂಖ್ಯೆ ಹೆಚ್ಚಾದಾಗ ಆವಿಯಾದ ನೀರಿನ ಬದಲಿಗೆ ಸುಣ್ಣದ ತಿಳಿನೀರನ್ನು ಹನಿಹನಿಯಾಗಿ ಬಿಡುವುದು ಅಗ್ಗದ ದಾರಿ. ಎರಡೂ ಅಂಶಗಳು ಸರಿಯಾದ ಪ್ರಮಾಣದಲ್ಲೇ ಸೇರುತ್ತವೆ, ಆದರೆ ಅದರ ಪಿಎಚ್ 12ರ ಮೇಲಿರುವುದರಿಂದ ಒಮ್ಮೆಲೇ ಸುರಿದರೆ ಟ್ಯಾಂಕ್ ಹಾಳಾಗುತ್ತದೆ, ಮತ್ತು ಆವಿಯಾದಷ್ಟು ಮಾತ್ರ ಸೇರಿಸಬಹುದು. ಅದು ಸಾಲದಾದಾಗ ಕ್ಯಾಲ್ಸಿಯಂ ಕ್ಲೋರೈಡನ್ನು ಒಂದರಲ್ಲೂ ಸೋಡಿಯಂ ಕಾರ್ಬೊನೇಟನ್ನು ಇನ್ನೊಂದರಲ್ಲೂ ಇಟ್ಟು ಪಂಪುಗಳಿಂದ ಹಾಕುವ ಎರಡು ದ್ರಾವಣಗಳ ವಿಧಾನ ಬರುತ್ತದೆ. ಇಂಗಾಲದ ಡೈಆಕ್ಸೈಡಿನಿಂದ ಸುಣ್ಣಕಲ್ಲಿನಂಥ ಚೂರುಗಳನ್ನು ಕರಗಿಸುವ ಕ್ಯಾಲ್ಸಿಯಂ ರಿಯಾಕ್ಟರ್ ಅಕ್ರೋಪೊರಾ ಎಂಬ ಸಣ್ಣ ಪಾಲಿಪಿನ ಗಟ್ಟಿ ಹವಳ ತುಂಬಿದ ದೊಡ್ಡ ಟ್ಯಾಂಕಿಗೆ ಮಾತ್ರ ಲಾಭದಾಯಕ. ಅಂಥ ಹವಳಗಳಿಗೆ 200ರಿಂದ 350 ಪಾರ್ ಬೆಳಕೂ ಬಹಳ ಬಲವಾದ ಹರಿವೂ ಬೇಕು. ದೀಪವನ್ನು ಬದಲಿಸುವ ಸಮಯ ಅದು.

ಚಿಕ್ಕದರಿಂದ ದೊಡ್ಡದಕ್ಕೆ ಹೋಗುವಾಗ

60 ಲೀಟರಿನಿಂದ ಆರಂಭಿಸಿ ಮುಂದೆ ಮೂರು ಅಡಿಗೆ ಹೋಗಬೇಕೆನ್ನುವವರ ಹಣ ವ್ಯರ್ಥವಾಗುವುದಿಲ್ಲ. ಆರ್‌ಒ-ಡಿಐ, ರಿಫ್ರಾಕ್ಟೋಮೀಟರ್, ಆಟೋ ಟಾಪ್-ಆಫ್, ಹೀಟರ್, ಬ್ಯಾಟರಿ ಪಂಪುಗಳು ಹೊಸದಕ್ಕೂ ಬರುತ್ತವೆ. ಆದ್ದರಿಂದ ಇವನ್ನು ಮೊದಲಿಂದಲೇ ಮುಂದಿನ ಟ್ಯಾಂಕಿನ ಲೆಕ್ಕದಲ್ಲಿ ಕೊಳ್ಳುವುದು ಜಾಣತನ. ಹಳೆಯ ಬಂಡೆಗಳನ್ನು ಅದೇ ಟ್ಯಾಂಕಿನ ನೀರು ತುಂಬಿದ ಬಕೆಟಿನಲ್ಲಿ ಮುಳುಗಿಸಿಯೇ ಸಾಗಿಸಿದರೆ ಬ್ಯಾಕ್ಟೀರಿಯಾ ಉಳಿದು ಹೊಸ ಟ್ಯಾಂಕ್ ಬೇಗ ನೆಲೆಗೊಳ್ಳುತ್ತದೆ. ಹಳೆಯ ಮರಳನ್ನು ಮಾತ್ರ ಹಾಗೆಯೇ ಸುರಿಯಬಾರದು, ಅದರಡಿಯಲ್ಲಿ ಕೂತ ಕೊಳೆ ಮತ್ತು ಹೈಡ್ರೋಜನ್ ಸಲ್ಫೈಡ್ ಒಮ್ಮೆಲೇ ಎದ್ದು ಮೀನುಗಳನ್ನು ಕೊಲ್ಲಬಹುದು. ಹೊಸ ಮರಳು ಹಾಕುವುದೇ ಕ್ಷೇಮ. ತೆರವಾದ ಚಿಕ್ಕ ಟ್ಯಾಂಕನ್ನು ಮಾರಬೇಡಿ. ಹೊಸದಾಗಿ ತಂದ ಮೀನನ್ನು ಕೆಲವು ವಾರ ಪ್ರತ್ಯೇಕವಾಗಿಟ್ಟು ನೋಡಲು, ಬಿಳಿಚುಕ್ಕೆಯ ರೋಗ ಕಂಡರೆ ಅಲ್ಲಿಯೇ ತಾಮ್ರದ ಔಷಧಿ ಕೊಡಲು ಅದೇ ಬೇಕಾಗುತ್ತದೆ. ಒಮ್ಮೆ ತಾಮ್ರ ಬಿದ್ದ ಆ ಟ್ಯಾಂಕಿನಲ್ಲಿ ಮತ್ತೆ ಹವಳ ಇಡಬಾರದು, ಅದರ ಪಂಪು, ಬಲೆ, ಕೊಳವೆಗಳನ್ನೂ ದೊಡ್ಡ ಟ್ಯಾಂಕಿಗೆ ತರಬಾರದು.